ಟೆರಿಯರ್ ಟ್ಯಾಂಕ್ ಇಂಜಿನ್ ಕಿಟ್, 4 ಮಿಮೀ ಸ್ಕೇಲ್: ಕಪ್ಲಿಂಗ್ ರಾಡ್ ಹಾಕಿದರೆ ಚಕ್ರ ಹಿಡಿಯುತ್ತಿದೆ

ಹಳಿಗುಂಟ:
ಬ್ರಿಟಿಷ್ ಇಂಜಿನಿಯರ್ ಸ್ಟ್ರೌಡ್ಲಿ ವಿನ್ಯಾಸದ ಟೆರಿಯರ್ ಉಗಿ ಇಂಜಿನ್‌ನ ಮಾದರಿ ಕಿಟ್, ಓಓ ಗೇಜ್ (ಮೂಲದ ಒಂದು ಅಡಿಗೆ 4 ಮಿಮೀ), 16.5 ಮಿಮೀ ಹಳಿ. ಷಾಸಿ (ಚಕ್ರ ಕೂರುವ ಚೌಕಟ್ಟು) ಹಿತ್ತಾಳೆ ತಗಡಿನದು, ಮೇಲ್ಭಾಗ ವೈಟ್‌ಮೆಟಲ್ (ಬೇಗ ಕರಗುವ ಮಿಶ್ರಲೋಹ) ಎರಕ. ಒಂದು ಬದಿಯ ಚಕ್ರಗಳನ್ನು ಜೋಡಿಸುವ ಕಪ್ಲಿಂಗ್ ರಾಡ್ ಇಲ್ಲದಾಗ ಆರೂ ಚಕ್ರ ಸಲೀಸಾಗಿ ತಿರುಗುತ್ತವೆ, ರಾಡ್ ಹಾಕಿದ ಕೂಡಲೇ ಹಿಡಿಯುತ್ತವೆ. ರಾಡ್‌ನ ತೂತು ದೊಡ್ಡದು ಮಾಡಿದರೆ ಸರಿಹೋಗುತ್ತಾ? ಇನ್ನೊಂದು, ಸ್ಟೆಪ್ನಿ ಹೆಸರಿನ 55ನೇ ನಂಬರಿನ ಟೆರಿಯರನ್ನು ಹಳದಿ ಬಣ್ಣದಲ್ಲಿ ಮಾಡಬೇಕು. ಕಿಟ್‌ನಲ್ಲಿ ಎರಡು ಥರದ ಸ್ಮೋಕ್‌ಬಾಕ್ಸ್ (ಬಾಯ್ಲರ್ ಮುಂದಿನ ಹೊಗೆಪೆಟ್ಟಿಗೆ) ಇವೆ. ಯಾವುದು ಹಾಕಲಿ?

ಸಣ್ಣಗೇಜು:
ತೂತಿಗೆ ಈಗಲೇ ಕೈ ಹಚ್ಚಬೇಡಿ ಸರ್. ಒಂದು ಬದಿಯ ರಾಡ್ ಪೂರ್ತಿ ಬಿಚ್ಚಿ, ಷಾಸಿಯನ್ನು ಗಾಜಿನ ಮೇಲಿಟ್ಟು ಬೆರಳಲ್ಲಿ ಮೆಲ್ಲಗೆ ತಳ್ಳಿ. ಒಂದೇ ಬದಿ ಇರುವಾಗ ಕ್ವಾರ್ಟರಿಂಗ್, ಅಂದರೆ ಎಡ-ಬಲ ಕ್ರ್ಯಾಂಕ್‌ಪಿನ್‌ಗಳ (ಚಕ್ರದಲ್ಲಿ ರಾಡ್ ಕೂರುವ ಪಿನ್) ನಡುವಿನ 90 ಡಿಗ್ರಿ, ಲೆಕ್ಕಕ್ಕೇ ಬರುವುದಿಲ್ಲ. ಆಗಲೂ ಹಿಡಿದರೆ ರಾಡ್‌ನ ತೂತುಗಳ ಅಂತರಕ್ಕೂ ಆಕ್ಸಲ್‌ಗಳ ಅಂತರಕ್ಕೂ ತಾಳೆಯಿಲ್ಲ. ಇನ್ನೊಂದು ಬದಿಯನ್ನೂ ಹೀಗೇ ನೋಡಿ. ಬೇರೆಬೇರೆಯಾಗಿ ಎರಡೂ ಸಲೀಸು, ಒಟ್ಟಿಗೆ ಹಾಕಿದರೆ ಬಿಗಿ ಅಂದರೆ ತಪ್ಪು ಕ್ವಾರ್ಟರಿಂಗ್‌ನದು.

ಹಿಡಿಯುವ ಜಾಗವೂ ಸುಳಿವು ಕೊಡುತ್ತದೆ. ಕ್ರ್ಯಾಂಕ್‌ಪಿನ್ ಪೂರ್ತಿ ಮುಂದೆ ಅಥವಾ ಪೂರ್ತಿ ಹಿಂದೆ ಬಂದಾಗ ಬಿಗಿಯಾದರೆ ಅಂತರದ ದೋಷ. ಪಿನ್‌ಗಳು ಓರೆಯಾಗಿ, 45 ಡಿಗ್ರಿಯ ಆಸುಪಾಸಿನಲ್ಲಿರುವಾಗ ಬಿಗಿಯಾದರೆ ಕ್ವಾರ್ಟರಿಂಗ್, ಯಾಕೆಂದರೆ ಎರಡೂ ಬದಿಯ ರಾಡ್‌ಗಳು ಜಗ್ಗಾಡುವುದು ಅಲ್ಲೇ.

ಹಳಿಗುಂಟ:
ನೋಡಿದೆ. ಬಲಬದಿ ಒಂದೇ ಇದ್ದರೂ ಹಿಡಿಯುತ್ತದೆ. ಪಿನ್ ಪೂರ್ತಿ ಮುಂದೆ ಬಂದಾಗ, ಹಿಂದಿನ ಚಕ್ರದ ಹತ್ತಿರ.

ಸಣ್ಣಗೇಜು:
ಹಾಗಾದರೆ ಹಿಂದಿನ ಆಕ್ಸಲ್‌ನ ಬಲ ಬುಷ್ (ಆಕ್ಸಲ್ ತಿರುಗುವ ಲೋಹದ ಬಳೆ) ಜಾಗ ತಪ್ಪಿದೆ. ಬೆಸುಗೆ ಹಾಕುವಾಗ ಕೂದಲೆಳೆಯಷ್ಟು ಸರಿದರೂ ಇಷ್ಟಾಗುತ್ತದೆ. ಅದೊಂದನ್ನೇ ಬಿಸಿಮಾಡಿ ಬಿಡಿಸಿ, ಫ್ರೇಮಿನ ತೂತನ್ನು ದುಂಡು ಫೈಲಿನಿಂದ ಉದ್ದುದ್ದಕ್ಕೆ ಮಾತ್ರ ತೀಡಿ. ಮೇಲೆ-ಕೆಳಗೆ ತೀಡಿದರೆ ಒಂದು ಚಕ್ರ ಹಳಿ ಬಿಟ್ಟು ನಿಲ್ಲುತ್ತದೆ. ಆಮೇಲೆ ಮೂರೂ ಆಕ್ಸಲ್ ಜಾಗಕ್ಕೆ, ತುದಿಯನ್ನು ರಾಡ್‌ನ ತೂತಿಗೆ ಸರಿಯಾಗಿ ಕಡೆದ ಜಿಗ್ ಆಕ್ಸಲ್ (ಅಳತೆ ಹಿಡಿಯುವ ತಾತ್ಕಾಲಿಕ ಆಕ್ಸಲ್) ತೂರಿಸಿ, ರಾಡ್ ಅದರ ಮೇಲೆ ಕೂರಿಸಿ, ಆ ಸ್ಥಿತಿಯಲ್ಲೇ ಬುಷ್‌ಗೆ ಬೆಸುಗೆ ಹಾಕಿ. ಮೂಲ ಇಂಜಿನ್‌ನಲ್ಲಿ ಆಕ್ಸಲ್‌ನಿಂದ ಆಕ್ಸಲ್‌ಗೆ 6 ಅಡಿ, ನಮಗೆ 24 ಮಿಮೀ. 23.9 ಬಂದರೂ ಓಡುತ್ತದೆ, ರಾಡ್ ಕೂಡ ಅಷ್ಟೇ ಇದ್ದರೆ ಸಾಕು. ತೂತು ದೊಡ್ಡದು ಮಾಡುವುದು ಕೊನೆಗೆ, ಬ್ರೋಚ್‌ನಿಂದ (ತೂತು ತುಸು ಹಿಗ್ಗಿಸುವ ಹತಾರ) ಒಂದೆರಡು ಸುತ್ತು ಅಷ್ಟೇ. ಜಾಸ್ತಿ ಮಾಡಿದರೆ ಹಿಡಿಯುವುದು ನಿಂತು ಕುಂಟುವುದು ಶುರುವಾಗುತ್ತದೆ.

ಷಾಸಿ ಇಳಿಜಾರಿನಲ್ಲಿ ತಾನೇ ಉರುಳುವವರೆಗೆ ಮೋಟಾರ್ ಹಾಕಬೇಡಿ. ಮೋಟಾರ್ ಬಲಕ್ಕೆ ದೋಷ ಮುಚ್ಚಿಹೋಗುತ್ತದೆ, ನಿಧಾನ ಓಡಿಸುವಾಗ ಮತ್ತೆ ಕಾಣುತ್ತದೆ. ಗೇರ್ 40:1 ಇರಲಿ, ಅಂದರೆ ಮೋಟಾರ್ 40 ಸುತ್ತಿದರೆ ಚಕ್ರ ಒಂದು. ನಿಮಿಷಕ್ಕೆ 12,000 ಸುತ್ತಿನ ಮೋಟಾರಿಗೆ 16 ಮಿಮೀ ಚಕ್ರದಲ್ಲಿ ಸ್ಕೇಲ್ ವೇಗ ಗಂಟೆಗೆ ಸುಮಾರು 69 ಕಿಮೀ. ಈ ಪುಟ್ಟ ಇಂಜಿನ್‌ಗೆ ಅದು ಧಾರಾಳ.

ಹಳದಿಬಣ್ಣ:
ಸ್ಮೋಕ್‌ಬಾಕ್ಸ್ ವಿಷಯಕ್ಕೆ ಬರುತ್ತೇನೆ. ಯಾವ ಕಾಲದ ಸ್ಟೆಪ್ನಿ ಅನ್ನುವುದನ್ನು ಮೊದಲು ತೀರ್ಮಾನಿಸಿ. 1875ರಲ್ಲಿ ತಯಾರಾದಾಗ ಅದು ಎ1, ಅಂದರೆ ಟೆರಿಯರ್‌ನ ಮೂಲ ರೂಪ, ಬಣ್ಣ ಆಗಲೂ ಹಳದಿ. ಸ್ಮೋಕ್‌ಬಾಕ್ಸ್ ಗಿಡ್ಡ, ಅದರ ಬದಿಗಳು ನೇರವಾಗಿ ಫುಟ್‌ಪ್ಲೇಟ್‌ವರೆಗೆ (ಚಕ್ರಗಳ ಮೇಲಿನ ಮಟ್ಟಸ ತಟ್ಟೆ) ಇಳಿಯುತ್ತವೆ, ಚಕ್ರ ಜಾರದಂತೆ ಹಳಿಗೆ ಮರಳು ಸುರಿಸುವ ಮುಂದಿನ ಮರಳುಪೆಟ್ಟಿಗೆಗಳು ಫುಟ್‌ಪ್ಲೇಟ್ ಮೇಲಿವೆ. 1912ರಲ್ಲಿ ಮಾರ್ಪಾಡಾಗಿ ಎ1ಎಕ್ಸ್ ಆಯಿತು: ಉದ್ದನೆಯ ಗುಂಡು ಸ್ಮೋಕ್‌ಬಾಕ್ಸ್, ಕೆಳಗೆ ಅದನ್ನು ಹೊರುವ ಸ್ಯಾಡಲ್, ಮರಳುಪೆಟ್ಟಿಗೆ ಫುಟ್‌ಪ್ಲೇಟ್ ಕೆಳಗೆ. 1960ರಲ್ಲಿ ಇಂಗ್ಲೆಂಡಿನ ಪಾರಂಪರಿಕ ರೈಲುಮಾರ್ಗವಾದ ಬ್ಲೂಬೆಲ್ ರೈಲ್ವೆಗೆ ಬಂದಿದ್ದು ಈ ರೂಪದಲ್ಲಿ, ಹಳದಿ ಬಳಿದಿದ್ದು ಆಮೇಲೆ. ಹೀಗಾಗಿ ಹಳದಿ ಎರಡಕ್ಕೂ ಸಲ್ಲುತ್ತದೆ, ಆದರೆ ಒಂದರ ಸ್ಮೋಕ್‌ಬಾಕ್ಸ್‌ಗೆ ಇನ್ನೊಂದರ ಮರಳುಪೆಟ್ಟಿಗೆ ಸೇರಿಸಿದರೆ ಅದು ಯಾವ ಕಾಲದ್ದೂ ಆಗುವುದಿಲ್ಲ. ಎ1 ಮಾಡುವುದಾದರೆ ಯಾರ್ಕ್ ರೈಲ್ವೆ ಮ್ಯೂಸಿಯಂನಲ್ಲಿ ಎ1 ರೂಪದಲ್ಲೇ ಇರುವ ಬಾಕ್ಸ್‌ಹಿಲ್ ಇಂಜಿನ್‌ನ ಫೋಟೋ ಎದುರಿಗಿಟ್ಟುಕೊಳ್ಳಿ.

ಬೂದು ಪ್ರೈಮರ್ ಮೇಲೆ ಈ ಹಳದಿ ಹಚ್ಚಿದರೆ ಹಸಿರು ಛಾಯೆ ತಿರುಗಿ ಮಂಕಾಗುತ್ತದೆ. ಬಿಳಿ ಪ್ರೈಮರ್ ಹಾಕಿ, ತೆಳುವಾಗಿ ಮೂರು-ನಾಲ್ಕು ಕೋಟ್ ಕೊಡಿ.

ಹಳಿಗುಂಟ:
ಎ1 ಮಾಡುತ್ತೇನೆ. ವೈಟ್‌ಮೆಟಲ್ ಸ್ಮೋಕ್‌ಬಾಕ್ಸನ್ನು ಹಿತ್ತಾಳೆ ಫುಟ್‌ಪ್ಲೇಟಿಗೆ ಅಂಟಿಸುವುದೋ, ಬೆಸುಗೆಯೋ?

ಸಣ್ಣಗೇಜು:
ಬೆಸುಗೆಯೇ. ವೈಟ್‌ಮೆಟಲ್‌ಗೆ ಬಳಸುವ, 70 ಡಿಗ್ರಿಯಲ್ಲಿ ಕರಗುವ ಬೆಸುಗೆ ಹಿತ್ತಾಳೆಗೆ ನೇರ ಹಿಡಿಯುವುದಿಲ್ಲ, ಹಿತ್ತಾಳೆಗೆ ಮೊದಲು 145 ಡಿಗ್ರಿಯದನ್ನು ತೆಳ್ಳಗೆ ಸವರಿ. ಬೆಸುಗೆ ಐರನ್ 200 ಡಿಗ್ರಿ ದಾಟಕೂಡದು. 350ರಲ್ಲಿರುವ ಐರನ್ ತಾಗಿದರೆ ಎರಕದ ಅಂಚು ಕ್ಷಣದಲ್ಲಿ ಕರಗಿ ಕುಸಿಯುತ್ತದೆ. ಮುಗಿದ ಮೇಲೆ ಫ್ಲಕ್ಸ್ (ಬೆಸುಗೆ ಹಿಡಿಯಲು ಹಚ್ಚುವ ರಾಸಾಯನಿಕ) ಪೂರ್ತಿ ಹೋಗುವಂತೆ ಬಿಸಿನೀರಲ್ಲಿ ಬ್ರಶ್ ಹಾಕಿ ತೊಳೆಯಿರಿ. ಮೂಲೆಯಲ್ಲಿ ಉಳಿದರೆ ಬಣ್ಣದಡಿ ಹಸಿರುಕಿಲುಬು ಎದ್ದು ಬರುತ್ತದೆ.