'ಡಬ್ಲ್ಯೂ. ರಿಚರ್ಡ್ಸ್' ಅಂತ ಕೆತ್ತಿದೆ, ಅಸಲಿ ಇಂಗ್ಲಿಷ್ ಕೋವಿಯಾ?

ಪ್ರಶ್ನೆ: ನಮಸ್ಕಾರ ಸರ್. ವಿರಾಜಪೇಟೆ ಕಡೆ ಒಬ್ಬರ ಹತ್ತಿರ ಹಳೇ ಜೋಡುನಳಿಗೆ ಕೋವಿ ಮಾರಾಟಕ್ಕಿದೆ. 12 ಬೋರ್, ಹ್ಯಾಮರ್ ಹೊರಗಿದೆ. ಪಕ್ಕದ ಪ್ಲೇಟಿನ ಮೇಲೆ 'ಡಬ್ಲ್ಯೂ. ರಿಚರ್ಡ್ಸ್' ಅಂತಿದೆ. ಬರ್ಮಿಂಗ್‌ಹ್ಯಾಮ್‌ನ ವೆಸ್ಟ್ಲಿ ರಿಚರ್ಡ್ಸ್ ಇದೇ ಅಂತ ದೊಡ್ಡ ಬೆಲೆ ಹೇಳುತ್ತಿದ್ದಾರೆ. ನಂಬಬಹುದಾ?

ಉತ್ತರ: ಹೆಸರು ನೋಡಿ ದುಡ್ಡು ಕೊಡಬೇಡಿ. 1812ರ ಆ ಕಂಪನಿಯ ಹೆಸರು ಪೂರ್ತಿ 'ವೆಸ್ಟ್ಲಿ ರಿಚರ್ಡ್ಸ್'. ಅದನ್ನು ನೆನಪಿಸಲೆಂದೇ ಬೆಲ್ಜಿಯಂನ ಅಗ್ಗದ ಕೋವಿಗಳ ಮೇಲೆ 'ಡಬ್ಲ್ಯೂ. ರಿಚರ್ಡ್ಸ್' ಅಂತ ಕೆತ್ತಿ ಮಾರುತ್ತಿದ್ದರು. ಆದರೆ ಲಿವರ್‌ಪೂಲ್‌ನಲ್ಲಿ ವಿಲಿಯಂ ರಿಚರ್ಡ್ಸ್ ಅನ್ನೋ ನಿಜವಾದ ತಯಾರಕರೂ ಇದ್ದರು. ಹಾಗಾಗಿ ಸುಮ್ನೆ ನಕಲಿ ಅಂತಲೂ ಹೇಳೋಕಾಗಲ್ಲ.

ಕೋವಿ ಖಾಲಿ ಇದೆಯಾ ಅಂತ ಎರಡು ಸಲ ನೋಡಿ. ಮುಂದಿನ ಮರದ ತುಂಡು ತೆಗೆದು, ನಳಿಗೆ ಬಿಚ್ಚಿ, ಮಗುಚಿ ಹಿಡಿಯಿರಿ. ತೋಟೆ ಕೂರುವ ಕಡೆ, ಕೆಳಗಿನ ಚಪ್ಪಟೆ ಜಾಗದಲ್ಲಿ ಪರೀಕ್ಷೆಯ ಮುದ್ರೆಗಳಿರುತ್ತವೆ, ಅಂದರೆ ನಳಿಗೆ ಮದ್ದಿನ ಒತ್ತಡ ತಾಳುತ್ತದೆ ಅಂತ ಹೊಡೆದು ನೋಡಿ ಒತ್ತಿದ ಗುರುತುಗಳು. 1904ಕ್ಕೆ ಮೊದಲಿನ ಬರ್ಮಿಂಗ್‌ಹ್ಯಾಮ್ ಮುದ್ರೆಯಲ್ಲಿ ಕಿರೀಟದ ಕೆಳಗೆ ಅಡ್ಡಡ್ಡ ರಾಜದಂಡಗಳು. ಲಂಡನ್‌ನದಾದರೆ ಕಿರೀಟದ ಕೆಳಗೆ ಹೆಣೆದುಕೊಂಡ 'ಜಿಪಿ'. ಮೊಟ್ಟೆಯಾಕಾರದೊಳಗೆ 'ಇ, ಎಲ್, ಜಿ' ಇದ್ದರೆ ಬೆಲ್ಜಿಯಂನ ಲೀಯೇಜ್.

ನಳಿಗೆಯಲ್ಲಿ ಸುರುಳಿ ಚಿತ್ತಾರ ಇದೆಯಾ? ಅಸಲಿ ಡಮಾಸ್ಕಸ್‌ನಲ್ಲಿ ಕಬ್ಬಿಣ, ಉಕ್ಕಿನ ಪಟ್ಟಿಗಳನ್ನು ತಿರುಚಿ ಬೆಸೆದಿರುತ್ತಾರೆ. ಚಿತ್ತಾರ ಲೋಹದೊಳಗೇ ಇರುತ್ತದೆ. ಅಗ್ಗದ ಕೋವಿಗಳಲ್ಲಿ ಸಾದಾ ಉಕ್ಕಿನ ಮೇಲೆ ಬರೀ ಮೇಲ್ಪದರದಲ್ಲಿ ಮೂಡಿಸುತ್ತಿದ್ದರು. ಕೈ ಆಡಿ ಸವೆದ ಕಡೆ ಅದು ಪೂರ್ತಿ ಮಾಯ.

ನಳಿಗೆ, ಆ್ಯಕ್ಷನ್ (ನಳಿಗೆ ಕೂರುವ, ಹೊಡೆಯುವ ಯಂತ್ರವಿರುವ ಭಾಗ), ಮುಂದಿನ ಮರದ ಕಬ್ಬಿಣ, ಮೂರರ ನಂಬರೂ ತಾಳೆ ಆಗಬೇಕು. ಹೆಸರಿನ ಸುತ್ತ ಲೋಹ ತಗ್ಗಿದ್ದರೆ ಹಳೇದನ್ನು ಉಜ್ಜಿ ಹೊಸದು ಕೆತ್ತಿದ್ದಾರೆ ಅಂತ ಅನುಮಾನಿಸಿ. ಹೊಳೆಯೋ ಹಾಗೆ ಪಾಲಿಶ್ ಮಾಡಿಟ್ಟಿದ್ದರೆ ನನಗಂತೂ ಜಾಸ್ತಿ ಭಯ. ಅಸಲಿ ವೆಸ್ಟ್ಲಿ ಅನ್ನಿಸಿದರೆ ಕಂಪನಿಗೇ ನಂಬರು ಬರೆದು ಕೇಳಿ. ಹಳೇ ಲೆಕ್ಕದ ಪುಸ್ತಕಗಳು ಅವರಲ್ಲಿವೆ.

ಪ್ರಶ್ನೆ: ನೋಡಿ ಬಂದೆ ಸರ್. 'ಇ ಎಲ್ ಜಿ' ಇದೆ, ಮೇಲೊಂದು ಕಿರೀಟ. ಇಂಗ್ಲಿಷ್ ಮುದ್ರೆ ಒಂದೂ ಇಲ್ಲ. ಹೊಡೆಯೋಕಾದರೂ ಬರುತ್ತಾ?

ಉತ್ತರ: ಹಾಗಾದರೆ ಲೀಯೇಜ್‌ನದೇ. ಕಿರೀಟ ಸೇರಿದ್ದು 1893ರಲ್ಲಿ, ಅದಕ್ಕಿಂತ ಹಳೇದಲ್ಲ. ವೆಸ್ಟ್ಲಿ ಬೆಲೆ ಕೊಡಲೇಬೇಡಿ. ಈಗಿನ ತೋಟೆ ಹಾಕಬೇಡಿ. ಆಗಿನ ನಳಿಗೆಗಳು ಹೆಚ್ಚಾಗಿ ಕರಿಮದ್ದಿಗೆ (ಹಳೇ ಕಾಲದ ಮದ್ದು, ಈಗಿನದಕ್ಕಿಂತ ಒತ್ತಡ ಕಮ್ಮಿ) ಪರೀಕ್ಷೆ ಆದವು, ತೋಟೆ ಕೂರುವ ಜಾಗವೂ ಗಿಡ್ಡ ಇರಬಹುದು. ಅಳೆದು ನೋಡದೆ ಯಾರೂ ಭರವಸೆ ಕೊಡಲಾರರು. ಗೋಡೆಗೆ ಚೆಂದ ಅಂತ ಕೊಳ್ಳುವುದಾದರೂ ಲೈಸೆನ್ಸ್ ಅಥವಾ (ಕೊಡಗಿನಲ್ಲಿ ಕೆಲವರಿಗೆ ಲೈಸೆನ್ಸ್ ಬದಲು ಕೊಡುವ) ವಿನಾಯಿತಿ ಪತ್ರದಲ್ಲಿರುವ ನಂಬರು ಕೋವಿಯದೇನಾ ನೋಡಿ. ಡಿಸಿ ಕಚೇರಿಯ ಕಾಗದ ಆಗುವವರೆಗೆ ಅದು ಅವರ ಮನೆಯಲ್ಲೇ ಇರಲಿ.