ಮಳೆ ಶುರುವಾದ ಮೇಲೆ ಕೊಳದ ಕೋಯಿ ಮೀನಿಗೆ ಹುಷಾರಿಲ್ಲ, ಏನು ಮಾಡಲಿ?

ತೋಟದಮನೆ, ಶಿರಸಿ:
ಎಲ್ಲರಿಗೂ ನಮಸ್ಕಾರ. ಮನೆ ಎದುರು, ಅಡಿಕೆ ತೋಟದ ಅಂಚಿಗೇ ನಮ್ಮದೊಂದು ಸಿಮೆಂಟ್ ಕೊಳ ಇದೆ. ಸುಮಾರು 5,000 ಲೀಟರ್, ಬಾವಿ ನೀರು. ಅದರಲ್ಲಿರುವ ಕೋಯಿಗಳಲ್ಲಿ ದೊಡ್ಡದು, ಬಿಳಿ ಮೈಗೆ ಕೆಂಪು ಮಚ್ಚೆಯದ್ದು, ತಿನ್ನುವುದನ್ನೇ ಬಿಟ್ಟಿದೆ. ರೆಕ್ಕೆ ಮುದುರಿಕೊಂಡು ಪಂಪಿನ ನೀರು ಬೀಳುವಲ್ಲೇ ನಿಂತಿರುತ್ತದೆ, ಮೇಲೆ ಬಂದು ಬಾಯಿ ಬಿಡುತ್ತದೆ, ಗೋಡೆಗೆ ಮೈ ಉಜ್ಜಿ ಉಜ್ಜಿ ಈಗ ಪಕ್ಕೆಯಲ್ಲಿ ಹುರುಪೆ ಎದ್ದು ಗಾಯವಾಗಿದೆ. ಉಳಿದವೂ ಮಂಕಾಗಿವೆ. ಅಂಗಡಿಯವರು ನೀಲಿ ಔಷಧಿ ಕೊಟ್ಟಿದ್ದಾರೆ, ಇನ್ನೂ ಹಾಕಿಲ್ಲ. ಕೈಯಿಂದಲೇ ತಿನ್ನುತ್ತಿದ್ದ ಮೀನು ಇದು, ಹೇಗಾದರೂ ಉಳಿಸಬೇಕು.

ಗಾಳದವ, ಕಾರವಾರ:
ಮೈ ಉಜ್ಜುತ್ತದೆ ಅಂದರೆ ಹುಳ ಇರಬಹುದು. ದಾರದ ತುಂಡಿನ ಹಾಗೆ ಏನಾದರೂ ಮೈಗೆ ಅಂಟಿದೆಯಾ ನೋಡಿ. ಇದ್ದರೆ ಪೊಟ್ಯಾಸಿಯಂ ಪರ್ಮಾಂಗನೇಟ್ ಹಾಕಿ, 1,000 ಲೀಟರಿಗೆ 2 ಗ್ರಾಂ.

ಹೊಳೆಬದಿ, ಕುಮಟಾ:
ಪರ್ಮಾಂಗನೇಟ್ ಈಗಲೇ ಬೇಡ. ಮೀನು ಬಾಯಿ ಬಿಡುತ್ತಿದೆ ಅಂದರೆ ಕಿವಿರಿಗೆ ತೊಂದರೆ ಆಗಿರಬಹುದು, ಅದರ ಮೇಲೆ ಖಾರದ ಔಷಧಿ ಹಾಕಿದರೆ ತಡೆದುಕೊಳ್ಳುವುದಿಲ್ಲ. ಒಂದೇ ಮೀನಲ್ಲ, ಎಲ್ಲವೂ ಮಂಕಾಗಿವೆ ಅಂತೀರಿ, ಹಾಗಾದರೆ ಮೊದಲು ನೀರನ್ನೇ ಅನುಮಾನಿಸಬೇಕು ಅಲ್ವಾ? ಊಟ ನಿಲ್ಲಿಸಿ. ಗಾಳಿ ಪಂಪು ಹಗಲು ರಾತ್ರಿ ಓಡಲಿ, ಕರೆಂಟ್ ಹೋದರೆ ಬಿಂದಿಗೆಯಲ್ಲಿ ನೀರೆತ್ತಿ ಮೇಲಿಂದ ಸುರಿಯಿರಿ. ಪಿಎಚ್ (ನೀರು ಎಷ್ಟು ಹುಳಿ ಅನ್ನುವ ಅಳತೆ, 7ಕ್ಕಿಂತ ಕಡಿಮೆ ಅಂದರೆ ಹುಳಿ) ಮತ್ತು ಅಮೋನಿಯಾ ನೋಡುವ ಕಿಟ್ ಸಿಗುತ್ತದೆ, ತರಿಸಿ. ನಮ್ಮ ಕಡೆ ಕೆಂಪು ಕಲ್ಲಿನ ನೆಲದ ಬಾವಿ ನೀರಿನಲ್ಲಿ ಸುಣ್ಣದಂಶ ಕಡಿಮೆ. ಅದಕ್ಕೆ ಮಳೆ ನೀರೂ ಸೇರಿದರೆ ಪಿಎಚ್ ಒಮ್ಮೆಲೇ ಕುಸಿಯುತ್ತದೆ.

ಇನ್ನೊಂದು ಮಾತು. ಅಡಿಕೆಗೆ ಕೊಳೆರೋಗ ಬಾರದ ಹಾಗೆ ತೋಟಕ್ಕೆ ಹೊಡೆಯುವ ಔಷಧಿ, ಬೋರ್ಡೋ ದ್ರಾವಣ, ಹೊಡೆಸಿದ್ದು ಯಾವಾಗ?

ತೋಟದಮನೆ, ಶಿರಸಿ:
ಹುಳ ಕಾಣಲಿಲ್ಲ. ಪಿಎಚ್ 6ಕ್ಕಿಂತ ಸ್ವಲ್ಪ ಕಡಿಮೆ, ಅಮೋನಿಯಾ ಇಲ್ಲ. ಔಷಧಿ ಹೊಡೆಸಿ ಜಾಸ್ತಿ ದಿನ ಆಗಿಲ್ಲ. ಮರುದಿನವೇ ಮಳೆ ಬಂತು, ಕೊಳದ ಮೇಲೆ ಬಾಗಿದ ಮರಗಳೂ ಇವೆ. ಅದಕ್ಕೂ ಇದಕ್ಕೂ ಸಂಬಂಧ ಇದೆಯಾ?

ಹೊಳೆಬದಿ, ಕುಮಟಾ:
ಇದೆ ಅಕ್ಕಾ, ನನ್ನ ಅನುಮಾನ ಅದರ ಮೇಲೇ. ಬೋರ್ಡೋ ದ್ರಾವಣ ಅಂದರೆ 100 ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಮೈಲುತುತ್ತದಲ್ಲಿರುವುದು ತಾಮ್ರ. ಅಡಿಕೆ ಗೊನೆಗೆ ಅದು ರಕ್ಷಣೆ, ಮೀನಿನ ಕಿವಿರಿಗೆ ವಿಷ. ಗಡಸು ನೀರಿನಲ್ಲಿ ಅಷ್ಟಾಗಿ ತಾಗುವುದಿಲ್ಲ, ನಿಮ್ಮಂಥ ಮೆದು, ಹುಳಿ ನೀರಿನಲ್ಲಿ ಸ್ವಲ್ಪವೇ ಸಾಕು.

ದಿನಕ್ಕೆ ಕಾಲು ಭಾಗ ನೀರು ತೆಗೆದು ಬಾವಿ ನೀರು ತುಂಬಿ, ನಾಲ್ಕೈದು ದಿನ. ಫಿಲ್ಟರಿನಲ್ಲಿ ಆಕ್ಟಿವೇಟೆಡ್ ಕಾರ್ಬನ್ ಚೀಲ ಇಡಿ, ತಾಮ್ರವನ್ನು ಅದು ಹಿಡಿಯುತ್ತದೆ. ಅಡುಗೆ ಸೋಡಾ 1,000 ಲೀಟರಿಗೆ 30 ಗ್ರಾಂ ಲೆಕ್ಕದಲ್ಲಿ, ಅಂದರೆ ನಿಮ್ಮ ಕೊಳಕ್ಕೆ 150 ಗ್ರಾಂ, ಬಕೆಟ್ ನೀರಿನಲ್ಲಿ ಕರಗಿಸಿ ದಿನಕ್ಕೊಮ್ಮೆ ಹಾಕಿ. ಪಿಎಚ್ 7ರ ಹತ್ತಿರ ಬಂದರೆ ನಿಲ್ಲಿಸಿ. ಸುಣ್ಣ ಮಾತ್ರ ಸುರಿಯಬೇಡಿ, ಪಿಎಚ್ ಒಮ್ಮೆಲೇ ಏರಿದರೆ ಮೀನು ಸಾಯುತ್ತದೆ. ಮುಂದಕ್ಕೆ ಸಮುದ್ರದ ಚಿಪ್ಪು ತೊಳೆದು ಬಲೆಚೀಲದಲ್ಲಿ ಕಟ್ಟಿ ನೀರು ಬೀಳುವಲ್ಲಿ ಇಟ್ಟರೆ ನಿಧಾನಕ್ಕೆ ಕರಗುತ್ತಾ ಪಿಎಚ್ ಕುಸಿಯದ ಹಾಗೆ ನೋಡಿಕೊಳ್ಳುತ್ತದೆ.

ಬಿಳಿಮಚ್ಚೆ, ಹೊನ್ನಾವರ:
ಗಾಯದ ಬಗ್ಗೆ ನಾನು ಹೇಳುತ್ತೇನೆ. ಆ ಮೀನನ್ನು ದೊಡ್ಡ ಟಬ್ಬಿಗೆ ಹಾಕಿ, ಅದಕ್ಕೂ ಗಾಳಿ ಪಂಪು ಬೇಕು. ಬಲೆಯಲ್ಲಿ ಎತ್ತಬೇಡಿ, ಬೋಗುಣಿಯಲ್ಲಿ ನೀರಿನ ಸಮೇತ ಎತ್ತಿ. 100 ಲೀಟರಿಗೆ 300 ಗ್ರಾಂ ಕಲ್ಲುಪ್ಪು, ಒಂದೇ ಸಲ ಅಲ್ಲ, ಎರಡು ಮೂರು ದಿನದಲ್ಲಿ ಸ್ವಲ್ಪ ಸ್ವಲ್ಪ. ಕೊಳಕ್ಕೇ ಉಪ್ಪು ಹಾಕಿದರೆ ತಾವರೆ ಗಿಡ ಹಾಳು, ಮಳೆಗೆ ಉಪ್ಪೂ ತೊಳೆದು ಹೋಗುತ್ತದೆ. ಗಾಯಕ್ಕೆ ಹತ್ತಿಯಲ್ಲಿ ಪೊವಿಡೋನ್ ಅಯೋಡಿನ್ ಒತ್ತಿ, ಕಿವಿರಿಗೆ ತಾಗದ ಹಾಗೆ. ಗಾಯ ಆಳವಾಗುತ್ತಾ ಹೋದರೆ ಪಶುವೈದ್ಯರಿಗೆ ತೋರಿಸಿ, ಆ್ಯಂಟಿಬಯೋಟಿಕ್ ಅವರನ್ನು ಕೇಳದೆ ಕೊಡಬೇಡಿ.

ತೋಟದಮನೆ, ಶಿರಸಿ:
ತುಂಬಾ ಉಪಕಾರ. ನೀರು ಬದಲಿಸಿ ಸೋಡಾ ಹಾಕುತ್ತಿದ್ದೇವೆ. ಕೊಳದಲ್ಲಿದ್ದವು ಈಗ ಚುರುಕಾಗಿವೆ. ಟಬ್ಬಿನದು ಇನ್ನೂ ತಿನ್ನುತ್ತಿಲ್ಲ, ಆದರೆ ಬಾಯಿ ಬಿಡುವುದು ಕಡಿಮೆಯಾಗಿದೆ, ಗಾಯದ ಅಂಚು ಬಿಳಿಯಾಗಿದೆ. ಎರಡನೇ ಸಲದ ಔಷಧಿ ಹೊಡೆಸುವುದು ಬಾಕಿ ಇದೆ. ಬಿಟ್ಟರೆ ಕೊಳೆ ಬರುತ್ತದೆ, ಆಗ ಏನು ಮಾಡಲಿ?

ಕೊಟ್ಟೆಕಟ್ಟು, ಸಿದ್ದಾಪುರ:
ಔಷಧಿ ಬಿಡಬೇಡಿ. ಕೊಳದ ಮೇಲೆ ಬಾಗಿದ ಮರಗಳಿಗೆ ಮಾತ್ರ ಔಷಧಿ ಬದಲು ಗೊನೆಗೆ ಕೊಟ್ಟೆ (ಮಳೆ ತಾಗದ ಹಾಗೆ ಹೊದಿಸುವ ಚೀಲ) ಕಟ್ಟಿಸಿ, ಮರ ಹತ್ತುವ ಕೊನೆಗೌಡನಿಗೆ ಮೊದಲೇ ಹೇಳಿಡಿ. ಉಳಿದ ಮರಗಳಿಗೆ ಹೊಡೆಯುವ ದಿನ ಕೊಳಕ್ಕೆ ತಾಡಪಾಲು ಹಾಕಿ, ಗಾಳಿಯಾಡಲು ಬದಿಯಲ್ಲಿ ಸಂದಿ ಇರಲಿ. ತೋಟದಿಂದ ಇಳಿಯುವ ನೀರು ಕೊಳಕ್ಕೆ ಬಾರದ ಹಾಗೆ ಮೇಲ್ಗಡೆ ಸಣ್ಣ ಕಾಲುವೆ ತೆಗೆಸಿ. ದ್ರಾವಣ ಕಲಸಿದ ಡ್ರಮ್ಮನ್ನು ಬಾವಿಯ ಹತ್ತಿರ ತೊಳೆಯಲು ಬಿಡಬೇಡಿ.