ಐದಕ್ಕೆ ಎದ್ದರೆ ಸಂತೋಷ?

ಗುಂಪು: ನಮ್ಮ ಮನೆತನ, ಕಲಬುರಗಿ

ದೊಡ್ಡಪ್ಪ: (ಫಾರ್ವರ್ಡ್) ಹಾರ್ವರ್ಡ್ ಸಂಶೋಧನೆ! ಬೆಳಗ್ಗೆ 5ಕ್ಕೆ ಎದ್ದು, ಬಿಸಿನೀರು ಕುಡಿದು, ಹತ್ತು ನಿಮಿಷ ನಕ್ಕರೆ ಜೀವನಪೂರ್ತಿ ಸಂತೋಷ. ಹತ್ತು ಜನರಿಗೆ ಕಳಿಸಿ.

ಸಣ್ಣ ಕಾಕಾ: ನೂರಕ್ಕೆ ನೂರು ನಿಜ. ಈಗಿನ ಹುಡುಗರು ಎಂಟಕ್ಕೆ ಏಳುತ್ತಾರೆ, ಆಮೇಲೆ ಟೆನ್ಷನ್ ಅಂತಾರೆ.

ಅಕ್ಕ: ದೊಡ್ಡಪ್ಪ, ಇದನ್ನು ಯಾರು ಕಳಿಸಿದರು? ಹಾರ್ವರ್ಡ್‌ನವರ ಅಧ್ಯಯನ ಒಂದಿದೆ, ನಿಜ. 1938ರಲ್ಲಿ ಶುರುವಾಯಿತು. 268 ಹಾರ್ವರ್ಡ್ ವಿದ್ಯಾರ್ಥಿಗಳು, ಬಾಸ್ಟನ್‌ನ ಬಡ ಓಣಿಗಳ 456 ಹುಡುಗರು. ಅವರು ಮುದುಕರಾಗುವ ತನಕ ವಿಚಾರಿಸುತ್ತಾ ಬಂದರು. ತಮ್ಮವರ ಜೊತೆ ಚೆನ್ನಾಗಿದ್ದವರು ಜಾಸ್ತಿ ಖುಷಿಯಾಗಿ, ಆರೋಗ್ಯವಾಗಿ ಇದ್ದರು ಅನ್ನೋದು ಅದರ ಮುಖ್ಯ ಮಾತು. ಬಿಸಿನೀರಲ್ಲ.

ದೊಡ್ಡಪ್ಪ: ಅಂದರೆ ನಾನು ಸುಳ್ಳು ಹೇಳಿದೆ ಅಂತೀಯಾ?

ಅಕ್ಕ: ನಿಮಗಲ್ಲ, ಮೆಸೇಜಿಗೆ ಅಂದೆ.

ಸಣ್ಣ ಕಾಕಾ: ಓದಿಸಿದ್ದು ಹಿರಿಯರಿಗೆ ಎದುರು ಮಾತಾಡಲಿ ಅಂತಾನಾ? ಮುತ್ಯಾ ಯಾವ ಅಧ್ಯಯನ ಓದಿದ್ದರು? ದುಡಿದರು, ರೊಟ್ಟಿ ತಿಂದರು, ನಿಶ್ಚಿಂತೆಯಿಂದ ಮಲಗಿದರು.

ಅತ್ತೆಯ ಮಗ: ಮುತ್ಯಾ ಅಂದ ಕೂಡಲೇ ಶರಣಬಸಪ್ಪನ ಜಾತ್ರೆ ನೆನಪಾಯ್ತು! ತೇರು ಕಾಣಲಿ ಅಂತ ಹೆಗಲ ಮೇಲೆ ಕೂರಿಸಿಕೊಳ್ಳುತ್ತಿದ್ದರು. ಬೇಸಿಗೆಯಲ್ಲಿ ಮಾಳಿಗೆಗೆ ನೀರು ಹೊಡೆದು ಎಲ್ಲರೂ ಸಾಲಾಗಿ ಮಲಗುತ್ತಿದ್ದೆವು. ಆ ಫೋಟೋ ಯಾರ ಹತ್ರ ಇದೆ?

ಅತ್ತೆ: ನಿನ್ನ ಸಣ್ಣ ಮಾಮಾನ ಮನೆಯಲ್ಲಿ. ಕೊಡ್ತೀನಿ ಅಂದವನು ಇನ್ನೂ ಕೊಟ್ಟಿಲ್ಲ. ಮಗಳ ಮದುವೆಗೆ ಕರೆದದ್ದೂ ಇದೇ ಗ್ರೂಪಿನಲ್ಲಿ.

ಸಣ್ಣ ಕಾಕಾ: ಅಕ್ಕಾ, ಕಾರ್ಡ್ ಹಿಡಿದು ಆಳಂದಕ್ಕೆ ಬಂದಿದ್ದೆ. ಬೀಗ ಹಾಕಿತ್ತು.

ಅತ್ತೆ: ಫೋನ್ ಇತ್ತಲ್ಲ?

ನಾನು: ಇದನ್ನು ಜಗಳ ಅಂತ ಬಿಡಬೇಡಿ. ಅತ್ತೆಯ ಯಜಮಾನರು ತೀರಿಕೊಂಡು, ಮಗನೂ ಪುಣೆಗೆ ಹೋದ ಮೇಲೆ ಅತ್ತೆ ಒಬ್ಬರೇ ಇದ್ದಾರೆ. ಇಷ್ಟು ಮಂದಿ ಇದ್ದೀವಿ, ದಿನಕ್ಕೊಬ್ಬರು ಫೋನ್ ಮಾಡಲು ಆಗಲ್ವಾ? ಅಕ್ಕ ಹೇಳಿದ ಅಧ್ಯಯನವೂ ಒಬ್ಬಂಟಿತನದಿಂದ ಆರೋಗ್ಯ ಕೆಡುತ್ತದೆ ಅನ್ನುತ್ತದೆ. ಇವತ್ತು ಸಂಜೆ ನಾನು ಮಾಡ್ತೀನಿ. ನಾಳೆ ಯಾರು?

ದೊಡ್ಡಪ್ಪ: ನಾನು ದಿನಾ ಗುಡ್ ಮಾರ್ನಿಂಗ್ ಕಳಿಸ್ತೀನಿ.

ಅತ್ತೆ: ಅಣ್ಣಾ, ಹೂವಿನ ಚಿತ್ರ ಬರುತ್ತೆ. ನೀನು ಮಾತಾಡಿ ಎಷ್ಟು ದಿನ ಆಯ್ತು?

ದೊಡ್ಡಪ್ಪ: ನಾಳೆ ನಾನು ಮಾಡ್ತೀನಿ.

ಸಣ್ಣ ಕಾಕಾ: ಭಾನುವಾರ ಬರ್ತೀವಿ ಅಕ್ಕಾ. ಫೋಟೋನೂ ತರ್ತೀನಿ.

ಅತ್ತೆ: ಎಷ್ಟು ಮಂದಿ ಅಂತ ಶನಿವಾರವೇ ಹೇಳು. ರೊಟ್ಟಿ ಬಡಿಯಬೇಕು.

ಅಕ್ಕ: ದೊಡ್ಡಪ್ಪ, ಆ ಮೆಸೇಜ್ ಡಿಲೀಟ್ ಮಾಡಿ.

ದೊಡ್ಡಪ್ಪ: ಹತ್ತು ಜನರಿಗೆ ಕಳಿಸಿ ಆಗಿದೆಯಲ್ಲಮ್ಮ.